ಮರುಸವಾಲು

ಹತ್ತೊಂಬತ್ತು ವರ್ಷ ಪರ್ಯಂತ ಪರರ ಲೆಕ್ಕವನ್ನೇ ಬರೆಯುತ್ತ ಬಂದ ಕೈ ಸ್ವಂತದ ನಾಲ್ಕು ಸಾಲುಗಳನ್ನು ಬರೆಯಬೇಕಾಗಿ ಬಂದಾಗ ಎಷ್ಟು ನಡುಗುತ್ತದೆಂಬುದು, ರಾಜೀನಾಮೆಯ ಪತ್ರವನ್ನು ಬರೆಯಲು ಕುಳಿತ ಮೂರು ರಾತ್ರಿಗಳಲ್ಲಿ ನನಗೆ ಮನದಟ್ಟಾಯಿತು. ಮೊದಲ ರಾತ್ರಿಯ ಕರಡಿನಲ್ಲಿ ಕೃತಜ್ಞತೆಯು ಅತಿಯಾಗಿ, ನಾನು ಕೆಲಸ ಬಿಡುತ್ತಿರುವೆನೋ ಕೈಗಡ ಕೇಳುತ್ತಿರುವೆನೋ ಓದಿದವರಿಗೆ ತಿಳಿಯದಂತಾಗಿತ್ತು. ಎರಡನೆಯ ರಾತ್ರಿಯದರಲ್ಲಿ ಅಸಮಾಧಾನವು ಅತಿಯಾಗಿ, ಅದನ್ನು ಕೊಟ್ಟಿದ್ದರೆ ಆ ತಿಂಗಳ ಪಗಾರಕ್ಕೂ ಎಳ್ಳುನೀರು ಬಿಡಬೇಕಾಗುತ್ತಿತ್ತು. ಮೂರನೆಯ ರಾತ್ರಿ ಎರಡನ್ನೂ ತಕ್ಕ ಪ್ರಮಾಣದಲ್ಲಿ ಬೆರೆಸಿ, ‘ಅನಿವಾರ್ಯವಾದ ಕೌಟುಂಬಿಕ ಕಾರಣಗಳಿಂದ’ ಎಂಬ, ಯಾರೂ ನಂಬದ ಆದರೆ ಯಾರೂ ಪ್ರಶ್ನಿಸಲಾಗದ ಪದಪುಂಜವನ್ನು ನಡುವೆ ಸೇರಿಸಿ, ಹನ್ನೊಂದು ಸಾಲಿನ ಒಂದು ಪತ್ರವನ್ನು ಸಿದ್ಧಪಡಿಸಿದೆ. ಮರುದಿನ ಮುಂಜಾನೆ ಸಾವಕಾರರು ಗಲ್ಲೆಗೆ ಊದಿನಕಡ್ಡಿ ಬೆಳಗಿ, ಗಾದಿಯ ಮೇಲೆ ಕುಳಿತು, ಅದನ್ನು ತೂಕದ ಚೀಟಿಯನ್ನು ಓದುವಷ್ಟೇ ನಿರ್ವಿಕಾರವಾಗಿ ಮೇಲಿನಿಂದ ಕೆಳಗಿನವರೆಗೆ ಓದಿ, ಕನ್ನಡಕವನ್ನು ಹಣೆಗೇರಿಸಿ, ಒಂದೇ ಒಂದು ಮಾತು ಕೇಳಿದರು.

“ಎಷ್ಟು?”

ಹನ್ನೊಂದು ಸಾಲುಗಳಲ್ಲಿ ಎಲ್ಲಿಯೂ ಒಂದು ಅಂಕಿ ಇರಲಿಲ್ಲ. ಆದರೂ ನನ್ನ ನಾಲಿಗೆ, ಕೇಳಿದ ಕೂಡಲೆ ಮೊತ್ತ ಹೇಳುವ ಹತ್ತೊಂಬತ್ತು ವರ್ಷದ ರೂಢಿಗೆ ಶರಣಾಗಿ, “ಮೂವತ್ತು ಸಾವಿರ್ರೀ” ಎಂದುಬಿಟ್ಟಿತು. ಕೌಟುಂಬಿಕ ಕಾರಣವು ಅಲ್ಲಿಗೆ ಮುಗಿಯಿತು.

ನಾನು ಗುಮಾಸ್ತನಾಗಿರುವ ಅಡತಿ ಅಂಗಡಿ ಇರುವುದು ರಾಯಚೂರಿನ ರಾಜೇಂದ್ರ ಗಂಜಿನಲ್ಲಿ. ಹತ್ತಿಯ ಹಂಗಾಮಿನಲ್ಲಿ ಈ ಗಂಜನ್ನು ನೋಡದವನಿಗೆ ಸಂಸಾರದ ಅರ್ಧ ತತ್ತ್ವ ತಿಳಿಯದೆಂದೇ ನನ್ನ ಅಭಿಪ್ರಾಯ. ಎದೆಯುಬ್ಬಿಸಿ ನಿಂತ ಅಂಡಿಗೆಗಳು, ಅವುಗಳ ಹೊಟ್ಟೆಯನ್ನು ಕುಯ್ದು ಮಾದರಿ ತೆಗೆದು ಎಳೆಯನ್ನು ಎರಡು ಹೆಬ್ಬೆರಳುಗಳ ನಡುವೆ ಜಗ್ಗಿ ನೋಡುವ ಖರೀದಿದಾರರು, ಅವರ ಮುಖವನ್ನೇ ನೋಡುತ್ತ ನಿಂತ ರೈತ, ಇವರಿಬ್ಬರ ನಡುವೆ ಯಾರ ಪರವೂ ಅಲ್ಲದಂತೆ ನಟಿಸುತ್ತ ಓಡಾಡುವ ದಲಾಲಿ. ಹಿಂದೆ ದನದ ಸಂತೆಯಲ್ಲಿ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಹೇಳುತ್ತಿದ್ದ ದರವನ್ನು ಈಗ ಗಂಜಿನಲ್ಲಿ ಗಣಕಯಂತ್ರದ ಮರೆಯಲ್ಲಿ ಹೇಳುತ್ತಾರೆ. ಟೆಂಡರಿನ ಹೊತ್ತು ಮುಗಿದ ಮೇಲೆ ಯಾರು ಎಷ್ಟು ಬರೆದರೆಂಬುದು ತಿಳಿಯುತ್ತದೆ. ಟವೆಲು ಹೋದರೂ ನ್ಯಾಯ ಹೋಗಿಲ್ಲ: ಒಬ್ಬನೇ ಗಿರಾಕಿ ಇರುವವರೆಗೆ ಹತ್ತಿಯಲ್ಲಿ ತೇವ ಕಾಣುತ್ತದೆ, ಕಸ ಕಾಣುತ್ತದೆ, ಕ್ವಿಂಟಲಿಗೆ ಎರಡು ಕಿಲೋ ಸೂಟು ಮುರಿಯಬೇಕೆನಿಸುತ್ತದೆ; ಎರಡನೆಯ ಗಿರಾಕಿ ಬಂದು ಅಂಡಿಗೆಯ ಮೇಲೆ ಕೈಯಿಟ್ಟೊಡನೆ ಅದೇ ಹತ್ತಿ ಬೆಳದಿಂಗಳಂತೆ ಬೆಳ್ಳಗಾಗುತ್ತದೆ. ಇದನ್ನು ದಿನಕ್ಕೆ ನಲವತ್ತು ಸಲ ಕಂಡು, ಕಿರ್ದಿಯಲ್ಲಿ ಬರೆದು, ಖಾತೆಗೆ ಏರಿಸಿ, ಮೊತ್ತ ಕೂಡಿಸಿದ ನಾನು, ನಾನೂ ಒಂದು ಅಂಡಿಗೆಯಾಗಿರಬಹುದೆಂದು ಹತ್ತೊಂಬತ್ತು ವರ್ಷಗಳಲ್ಲಿ ಒಮ್ಮೆಯೂ ಯೋಚಿಸಲಿಲ್ಲವೆಂಬುದು ನನ್ನ ಬುದ್ಧಿಗೆ ಭೂಷಣವೆನಿಸುವಂತಹ ಸಂಗತಿಯಲ್ಲ.

ಎರಡನೆಯ ಗಿರಾಕಿ ನನಗೆ ದೊರೆತದ್ದು ಒಂದು ಮದುವೆಯ ಪಂಕ್ತಿಯಲ್ಲಿ. ಪಕ್ಕದ ಎಲೆಯವರು ದೇವದುರ್ಗದಲ್ಲಿ ಹತ್ತಿ ಜಿನ್ನಿಂಗ್ ಮಿಲ್ಲು ನಡೆಸುವವರಂತೆ. ಹೋಳಿಗೆಯ ಮೇಲೆ ತುಪ್ಪ ಬೀಳುವಷ್ಟರಲ್ಲಿ ಪರಿಚಯವೂ, ಎರಡನೆಯ ಹೋಳಿಗೆ ಬೀಳುವಷ್ಟರಲ್ಲಿ ನನ್ನ ಲೆಕ್ಕದ ಕೈಚಳಕದ ಪ್ರಶಂಸೆಯೂ, ಮಜ್ಜಿಗೆಯ ಹೊತ್ತಿಗೆ ಮ್ಯಾನೇಜರ್ ಹುದ್ದೆಯೂ, ಕೈ ತೊಳೆಯುವಲ್ಲಿ ಮೂವತ್ತು ಸಾವಿರದ ಅಂಕಿಯೂ ಬಂದವು. ಆಗ ನನಗೆ ಬರುತ್ತಿದ್ದುದು ಇಪ್ಪತ್ತೆರಡು ಸಾವಿರ. ವರ್ಷ ವರ್ಷವೂ ದೀಪಾವಳಿಯ ಪಾಡ್ಯದಂದು ಲೆಕ್ಕದ ಪುಸ್ತಕಗಳಿಗೆ ಪೂಜೆಯಾದ ಮೇಲೆ ಸಾವಕಾರರು ಮಿಠಾಯಿಯ ಪೆಟ್ಟಿಗೆಯೊಡನೆ ಐನೂರರ ಏರಿಕೆಯನ್ನು ಬಾಯಿಮಾತಿನಲ್ಲಿ ಘೋಷಿಸುವರು. ಪೆಟ್ಟಿಗೆ ಆ ರಾತ್ರಿಯೇ ಖಾಲಿಯಾಗುವುದು, ಏರಿಕೆ ಮರುತಿಂಗಳು.

ಅಂತಹ ಸಾವಕಾರರು, ಪತ್ರವನ್ನು ನಾಲ್ಕು ಮಡಿಕೆ ಮಾಡಿ ಗಾದಿಯ ಕೆಳಗಿಟ್ಟು, ಅದರ ಮೇಲೆಯೇ ಕುಳಿತು, ಆ ದಿನ ಸಂಜೆಯವರೆಗೆ ಏನೂ ಮಾತಾಡಲಿಲ್ಲ. ಬಾಗಿಲು ಹಾಕುವ ಹೊತ್ತಿಗೆ ಹಮಾಲರೆಲ್ಲ ಹೋದ ಮೇಲೆ ಹೇಳಿದರು: “ಇಪ್ಪತ್ತೇಳು ಮಾಡ್ತೀನ್ರಿ. ಮೂವತ್ತು ನನ್ನಿಂದ ಆಗಂಗಿಲ್ಲ. ಆದ್ರ ನೀವೂ ದಿನಾ ಬಸ್ಸಿನ್ಯಾಗ ಕುಂತು ಸಾಯಂಗಿಲ್ಲ. ಮತ್ತ, ತಿರುಗೋ ಕುರ್ಚಿ ಒಂದ್ ತರಿಸ್ತೀನಿ. ಮ್ಯಾನೇಜರ್ ಅಂತ ಬೋರ್ಡು ಬೇಕಂದ್ರ ಬರಸ್ರಿ.”

ನಮ್ಮ ಅಂಗಡಿಯಲ್ಲಿ ಸಾವಕಾರರನ್ನು ಬಿಟ್ಟರೆ ನಾನು, ನಾಲ್ವರು ಹಮಾಲರು, ಮತ್ತು ಧಾನ್ಯದ ಮೂಟೆಗಳನ್ನು ಇಲಿಗಳಿಂದ ಕಾಯುವುದಕ್ಕಾಗಿ ಸಾಕಿದ, ಆ ಕರ್ತವ್ಯದಲ್ಲಿ ಎಂದೂ ಆಸಕ್ತಿ ತೋರದ ಒಂದು ಬೆಕ್ಕು. ಮ್ಯಾನೇಜರನಾದರೆ ಯಾರ ಮೇಲೆ ಅಧಿಕಾರ ನಡೆಸತಕ್ಕದ್ದೆಂಬ ಪ್ರಶ್ನೆ ಸಹಜವಾಗಿಯೇ ಹುಟ್ಟಿತು. ಹಮಾಲರು ಸಾವಕಾರರ ಮಾತನ್ನೇ ಅರ್ಧ ಕೇಳುವವರು. ಬೆಕ್ಕಿನ ವಿಷಯ ಹೇಳಿಯಾಗಿದೆ.

ಹಾಸ್ಯ ಹಾಗಿರಲಿ, ಆ ರಾತ್ರಿ ನನಗೆ ನಿದ್ರೆ ಹತ್ತದಂತೆ ಮಾಡಿದ್ದು ಸಿಕ್ಕ ಐದು ಸಾವಿರವಲ್ಲ, ಆ ಐದು ಸಾವಿರವು ನಿನ್ನೆಯವರೆಗೆ ಎಲ್ಲಿತ್ತೆಂಬ ಜಿಜ್ಞಾಸೆ. ಅಂಗಡಿಯ ಪ್ರತಿಯೊಂದು ಪೈಸೆಯ ಜಾತಕವನ್ನೂ ನಾನೇ ಬರೆಯುವವನು. ಅದು ಯಾವ ಖಾತೆಯಲ್ಲಿ ಅಡಗಿ ಕುಳಿತಿತ್ತೆಂಬುದು ನನಗೇ ಗೊತ್ತಿರಲಿಲ್ಲ. ಇನ್ನೊಂದು ಮಗ್ಗುಲಿಗೆ ಹೊರಳಿದರೆ ಇನ್ನೊಂದು ನೆನಪು. ನನ್ನ ತಂದೆ ತೀರಿಕೊಂಡದ್ದು ಹಂಗಾಮಿನ ನಟ್ಟನಡುವೆ, ಆವಕ ಜೋರಾಗಿದ್ದ ಒಂದು ಸೋಮವಾರ. ಸಾವಕಾರರು ಆ ದಿನ ಅಂಗಡಿಯ ಬಾಗಿಲು ಹಾಕಿಸಿ, ಬರಿಗಾಲಲ್ಲಿ ಬಂದು ಹೆಗಲು ಕೊಟ್ಟಿದ್ದರು. ಮರುಸವಾಲನ್ನು ಮುಂದಿಡುವಾಗ ಅವರು ಈ ಮಾತನ್ನು ಎತ್ತಿದ್ದರೆ ನನಗೆ ಸಿಟ್ಟು ಬರುತ್ತಿತ್ತು, ಬಿಟ್ಟುಹೋಗುವುದು ಸುಲಭವಾಗುತ್ತಿತ್ತು. ಆ ಪುಣ್ಯಾತ್ಮರು ಎತ್ತಲಿಲ್ಲ.

ಇಂಥ ಸಂದಿಗ್ಧದಲ್ಲಿ ಸಿಕ್ಕವನು ಚರಿತ್ರೆಯನ್ನು ಓದಿ ಧೈರ್ಯ ತಂದುಕೊಳ್ಳಬೇಕೆನ್ನುತ್ತಾರೆ. ನಮ್ಮ ಕೃಷ್ಣಾ ತುಂಗಭದ್ರೆಗಳ ನಡುವಣ ದೋಆಬಿನ ಚರಿತ್ರೆಯಾದರೋ ಮೊದಲಿನಿಂದ ಕೊನೆಯವರೆಗೆ ಸವಾಲು ಮರುಸವಾಲುಗಳ ಕಿರ್ದಿಯೇ ಆಗಿದೆ. ವಿಜಯನಗರದವರು ಕೂಗಿದರೆ ಬಹಮನಿಯವರು ಮೇಲೆ ಕೂಗುವರು. 1520ರಲ್ಲಿ ಕೃಷ್ಣದೇವರಾಯರು ರಾಯಚೂರಿನ ಕೋಟೆಯನ್ನು ಗೆದ್ದುಕೊಂಡರೆ, 1565ರ ತರುವಾಯ ಅದು ಮತ್ತೆ ವಿಜಾಪುರದವರ ಪಾಲು. ಇದೆಲ್ಲಕ್ಕಿಂತ ಗುಮಾಸ್ತನಾದ ನನ್ನ ಮನಸ್ಸಿಗೆ ಹತ್ತಿರವಾದದ್ದು 1853ರ ಜಮಾಖರ್ಚು. ಆ ವರ್ಷ ನಿಜಾಮರು ಸೈನ್ಯದ ವೆಚ್ಚದ ಬಾಬ್ತು ಇಡೀ ದೋಆಬನ್ನು ಇಂಗ್ಲಿಷರ ಕಂಪನಿಯ ವಶಕ್ಕೆ ಒಪ್ಪಿಸಿದರು. 1860ರಲ್ಲಿ ಅದು ನಿಜಾಮರಿಗೆ ಮರಳಿ ಬಂದಿತು. ಹಳೆಯ ಪದ್ಧತಿಯ ಲೆಕ್ಕದಲ್ಲಿ ಅನಾಮತ್ತು ಖಾತೆಯೆಂದು ಒಂದುಂಟು: ಯಾರದೆಂದು, ಏತಕ್ಕೆಂದು ಇನ್ನೂ ಇತ್ಯರ್ಥವಾಗದ ಮೊತ್ತಗಳು ಅಲ್ಲಿ ಹೋಗಿ ಕೂರುತ್ತವೆ. ದೇವದುರ್ಗ ಮಾನ್ವಿಗಳೊಡಗೂಡಿ ನಮ್ಮ ನೆಲವೆಲ್ಲ ಏಳು ವರ್ಷ ಅನಾಮತ್ತು ಖಾತೆಯಲ್ಲಿ ಕುಳಿತಿತ್ತೆಂದರೆ, ನಾನೊಬ್ಬ ಒಂದು ವಾರ ಕೂರುವುದರಲ್ಲಿ ಅವಮಾನವೇನಿದೆ?

ಈ ಸೀಮೆಯಲ್ಲಿ ಬಂದ ಕರೆಯನ್ನು ಕಣ್ಣುಮುಚ್ಚಿ ತಿರಸ್ಕರಿಸಿದವರೂ ಇಲ್ಲದಿಲ್ಲ. ಮುದಗಲ್ಲಿನ ಅಕ್ಕಸಾಲಿಗನ ಮಗಳ ಕಥೆಯನ್ನು ಫೆರಿಷ್ತಾ ಬರೆದಿಟ್ಟಿದ್ದಾನೆ. 1406ರ ಸುಮಾರಿನ ಮಾತು. ಆಕೆಯ ಚೆಲುವಿನ ವರ್ಣನೆ ಕೇಳಿದ ವಿಜಯನಗರದ ದೇವರಾಯನು ಉಡುಗೊರೆಗಳನ್ನು ಕಳುಹಿ ಅರಮನೆಗೆ ಕರೆದನು. ತಂದೆತಾಯಿಗಳು ಹಿರಿಹಿರಿ ಹಿಗ್ಗಿದರು. ಹುಡುಗಿ ಮಾತ್ರ ಒಲ್ಲೆನೆಂದಳು, ಏತಕ್ಕೆಂದರೆ ಅಂತಃಪುರವನ್ನು ಹೊಕ್ಕ ಹೆಣ್ಣು ಮತ್ತೆ ತೌರಿನವರ ಮುಖ ನೋಡುವಂತಿಲ್ಲ. ಕೆಲಸದ ಮಿಕ್ಕೆಲ್ಲ ಸೌಭಾಗ್ಯಗಳನ್ನೂ ಬದಿಗಿಟ್ಟು, ರಜೆ ದೊರೆಯುವುದೋ ಇಲ್ಲವೋ ಎಂಬ ಒಂದೇ ಅಂಶದ ಮೇಲೆ ತೀರ್ಮಾನ ಕೈಗೊಂಡ ಆ ಕನ್ಯೆಯ ವ್ಯವಹಾರಜ್ಞಾನಕ್ಕೆ ನಾನು ಮನಸಾರೆ ತಲೆಬಾಗುತ್ತೇನೆ. ಆದರೆ ಆಕೆಯ ‘ಒಲ್ಲೆ’ಯಿಂದ ಎರಡು ರಾಜ್ಯಗಳ ದಂಡು ಎದ್ದು, ಸೀಮೆಯೆಲ್ಲ ಸೂರೆಯಾಗಿ, ಕಡೆಗೆ ಆಕೆ ಬಹಮನಿ ಸುಲ್ತಾನ ಫಿರೋಜನಿಗೆ ಸೊಸೆಯಾಗಿ ಹೋದಳಂತೆ. ನನ್ನ ‘ಒಲ್ಲೆ’ಯಿಂದ ದಂಡು ಏಳುವ ಭಯವಿರಲಿಲ್ಲ, ಮನೆಯಲ್ಲಿ ಏಳಬಹುದಾದುದು ಬೇರೆಯ ಬಗೆಯ ದಂಡು.

ಮನೆಯಾಕೆಯ ಮುಂದೆ ಎರಡೂ ಅಂಕಿಗಳನ್ನಿಟ್ಟೆ. ರೊಟ್ಟಿ ಬಡಿಯುತ್ತಿದ್ದವಳು ತಲೆಯೆತ್ತದೆ ಕೇಳಿದಳು: “ಅಲ್ರೀ, ನಿಮ್ ಬೆಲಿ ಏನಂತ ಅವ್ರಿಗೆ ಇಷ್ಟ್ ವರ್ಷ ಗೊತ್ತಿದ್ದಿಲ್ಲೇನು?”

“ಗೊತ್ತಿತ್ತೋ ಏನೋ. ನಿನಗ ಗೊತ್ತಿತ್ತೇನು?”

“ನನಗ ಮದಿವಿ ಆದ ಮರುದಿನಾನೇ ಗೊತ್ತಾತು. ನಾನೂ ಹೇಳ್ಲಿಲ್ಲ.”

ಗಂಜಿನ ಗುಮಾಸ್ತರು ಮುಂಜಾನೆ ಮಂಡಾಳ ಒಗ್ಗರಣೆ ಮಿರ್ಚಿಗಳ ಸುತ್ತ ಸೇರುವ ಸಭೆಯಲ್ಲಿ ಅಭಿಪ್ರಾಯಗಳು ಉದಾರವಾಗಿಯೇ ಬಂದವು. ಒಬ್ಬರು ಹೋಗೆಂದರು, ಒಬ್ಬರು ಇರೆಂದರು, ಒಬ್ಬರು ತಮ್ಮ ಸಾವಕಾರರಿಗೂ ನನ್ನ ವಿಷಯ ಹೇಳಿ ಮೂರನೆಯ ಸವಾಲು ತರಿಸುವುದಾಗಿ ಮುಂದೆ ಬಂದು ಅದಕ್ಕೆ ದಲಾಲಿ ಎಷ್ಟೆಂಬುದನ್ನೂ ಸೂಚಿಸಿದರು. ನಿವೃತ್ತ ಮಾಸ್ತರರೊಬ್ಬರು ವಿಶ್ವೇಶ್ವರಯ್ಯನವರ ಉದಾಹರಣೆಯನ್ನೆತ್ತಿದರು: ಮುಂಬಯಿ ಸರಕಾರದಲ್ಲಿ ಮೇಲಣ ಹುದ್ದೆ ತಮ್ಮಂಥವರಿಗೆ ದೊರೆಯದೆಂದು ಕಂಡೊಡನೆ 1908ರಲ್ಲಿ ಸೇವೆಯಿಂದ ಹೊರಬಂದರು, ಹಿಂದೆಯೇ ಮೂಸಿಯ ಮಹಾಪೂರಕ್ಕೆ ತತ್ತರಿಸಿದ ಹೈದರಾಬಾದು ಕರೆಯಿತು, 1909ರಲ್ಲಿ ಮೈಸೂರು ಕರೆಯಿತು, ಮೈಸೂರು ಕರೆದಾಗಲೂ ಒಮ್ಮೆಲೇ ಹೂಂ ಎನ್ನದೆ, ದೊಡ್ಡ ಕೆಲಸಗಳಿಗೆ ಅವಕಾಶ ಉಂಟೇ ಎಂದು ವಿಚಾರಿಸಿಯೇ ಒಪ್ಪಿದರು. ದೃಷ್ಟಾಂತವೇನೋ ಘನವಾದದ್ದೇ. ಆದರೆ ಅವರಿಗಾಗಿ ಮೂಸಿ ನದಿ ಉಕ್ಕಿ ಹರಿದಿತ್ತು. ನನಗಾಗಿ ಏನೂ ಉಕ್ಕಿರಲಿಲ್ಲ, ಮುಂದಿನ ಒಲೆಯ ಮೇಲಿನ ಚಹದ ಹೊರತಾಗಿ.

ಕಡೆಗೆ ಲೆಕ್ಕವನ್ನೇ ನಂಬಿದೆ. ಇದರಲ್ಲಿ ನನಗೆ ಗುರುವಾದವರು ನನ್ನ ಅಜ್ಜ. ಅವರು ನಿಜಾಮರ ಕಾಲದ ಗುಮಾಸ್ತರು. ಆಗ ನಮ್ಮಲ್ಲಿ ಹಾಲಿ ಸಿಕ್ಕಾ ನಾಣ್ಯ, ಸರಹದ್ದಿನಾಚೆ ಇಂಗ್ಲಿಷರ ಕಲ್ದಾರು. ಏಳು ಹಾಲಿಗೆ ಸುಮಾರು ಆರು ಕಲ್ದಾರು ಎಂಬುದು ಹಿಡಿದ ದರ. ಬೇರೆ ಊರಿನ ಪಗಾರ ಕೇಳಿದಾಗಲೆಲ್ಲ ಅಜ್ಜ ಮೊದಲು ಕೇಳುತ್ತಿದ್ದ ಪ್ರಶ್ನೆ, “ಹಾಲಿಯೋ, ಕಲ್ದಾರೋ?” ನಾನೂ ದೇವದುರ್ಗದ ಮೂವತ್ತು ಸಾವಿರವನ್ನು ಮುಂದಿಟ್ಟುಕೊಂಡು, ಬಸ್ಸಿನ ಪಾಸು, ಮಧ್ಯಾಹ್ನದ ಖಾನಾವಳಿ, ವಾರಕ್ಕೊಮ್ಮೆ ಕಡೆಯ ಬಸ್ಸು ತಪ್ಪಿದಾಗಿನ ವಸತಿ, ಎಲ್ಲವನ್ನೂ ಸೂಟು ಮುರಿದು ನೋಡಿದೆ. ಇಪ್ಪತ್ತೈದು ಸಾವಿರದ ಏಳುನೂರರ ಆಸುಪಾಸು ಉಳಿಯಿತು. ಕರಾರುವಾಕ್ಕಾಗಿ ಏಳಕ್ಕೆ ಆರು! ದೇವದುರ್ಗದ ರೂಪಾಯಿ ಇನ್ನೂ ಹಾಲಿ ಸಿಕ್ಕಾದ ದರದಲ್ಲಿಯೇ ಓಡುತ್ತಿದೆಯೆಂಬ ಈ ಮಹಾಶೋಧನೆಯಿಂದ ನನಗಾದ ಆನಂದವು, ಅದನ್ನು ಕೇಳಿದ ಮನೆಯಾಕೆಯ ಮುಖದಲ್ಲಿ ಪ್ರತಿಫಲಿಸಲಿಲ್ಲ. “ಅಪ್ಪನ್ನ ಒಂದ್ ಮಾತು ಕೇಳಿ ಬರ್ರಿ” ಎಂದಳು.

ಅಪ್ಪನೆಂದರೆ ನನ್ನ ಮಾವನವರು. ಮಾನ್ವಿಯಲ್ಲಿರುವರು, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿ ಆರು ಎಕರೆ ನೆಲ್ಲು ಬೆಳೆಯುವರು, ಅಥವಾ ಬೆಳೆಯಲು ಹೆಣಗುವರು. 1953ರಲ್ಲಿ ಅಣೆಕಟ್ಟು ಕಟ್ಟಿ, 141 ಮೈಲಿನ ಕಾಲುವೆ ತೋಡಿ, ಸರಕಾರವೇನೋ ನಕ್ಷೆಯಲ್ಲಿ ಎಲ್ಲರಿಗೂ ನೀರು ಹಂಚಿದೆ. ಆದರೆ ನೀರು ನಕ್ಷೆಯನ್ನು ಓದುವುದಿಲ್ಲ, ಮೇಲಿನ ಭಾಗದವರೂ ಓದುವುದಿಲ್ಲ. ನಾನು ಹೋದಾಗ ಮಾವನವರು ಕಾಲುವೆಯ ಏರಿಯ ಮೇಲೆ ಟವೆಲು ಹಾಸಿ ಕುಳಿತು, ತಳದ ಕೆಸರಿನಲ್ಲಿ ಆಡುತ್ತಿದ್ದ ಎರಡು ಕೊಕ್ಕರೆಗಳನ್ನು ನೋಡುತ್ತಿದ್ದರು. ನನ್ನ ಕಥೆಯನ್ನು ಪೂರ್ಣವಾಗಿ ಕೇಳಿ, ತುಸು ಹೊತ್ತು ಸುಮ್ಮನಿದ್ದು ಹೇಳಿದರು:

“ನೋಡ್ರಿ, ನಮಗೂ ಗೇಜು ಸಿಗಂಗಿಲ್ಲ. ಅರ್ಜಿ ಕೊಟ್ರ ಸಿಗಂಗಿಲ್ಲ, ಕೈಕಾಲು ಹಿಡಿದ್ರ ಸಿಗಂಗಿಲ್ಲ. ಎಲ್ಲಾರೂ ಕೂಡಿ ರಸ್ತಾದಾಗ ಕುಂತ್ವಿ ಅಂದ್ರ ಸಂಜೀಕ ನೀರು ಬರ್ತದ. ಬರ್ತದ, ಸುಳ್ಳಲ್ಲ. ಎರಡ್ ದಿನ, ಮೂರ್ ದಿನ. ಆಮ್ಯಾಲ ಮತ್ತ ಗೇಟು ಇಳಸ್ತಾರ. ಮತ್ತ ರಸ್ತಾಕ ಕುಂದ್ರಬೇಕು.”

“ಹಂಗಾದ್ರ ಬಿಡೋದೇ ಚಲೋ ಅಂತೀರೇನು?”

“ನಾ ಎಲ್ಲಂದೆ? ನಾನೂ ಈ ಹೊಲ ಬಿಟ್ಟಿಲ್ಲಲ್ಲ.”

ಇಷ್ಟರಿಂದ ಏನನ್ನು ಗ್ರಹಿಸಬೇಕೆಂದು ತಿಳಿಯದೆ, ಬಸ್ಸಿಗೆ ಇನ್ನೂ ಸಮಯವಿದ್ದುದರಿಂದ, ಜಗನ್ನಾಥದಾಸರ ಸನ್ನಿಧಿಗೆ ಹೋಗಿ ಕುಳಿತೆ. ‘ಹರಿಕಥಾಮೃತಸಾರ’ದ ಕರ್ತೃಗಳಾದ ಈ ದಾಸರು ಯೌವನದಲ್ಲಿ ಪಾಂಡಿತ್ಯದ ಬಿಗುಮಾನದಿಂದ ವಿಜಯದಾಸರ ಆಹ್ವಾನವನ್ನು ಅಲಕ್ಷಿಸಿ, ಅಸಾಧ್ಯವಾದ ಹೊಟ್ಟೆನೋವಿಗೆ ತುತ್ತಾದರೆಂದೂ, ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ತೆಗೆದು ಇವರಿಗೆ ಧಾರೆಯೆರೆದರೆಂದೂ ನಮ್ಮ ಕಡೆ ಹೇಳುತ್ತಾರೆ. ಗೋಪಾಲದಾಸರು ದೇವದುರ್ಗದ ಕಡೆಯ ಮೊಸರಕಲ್ಲಿನವರು. ದೇವದುರ್ಗದಿಂದ ಮಾನ್ವಿಗೆ ನಡೆದ ಈ ನಲವತ್ತು ವರ್ಷದ ವರ್ಗಾವಣೆಯಲ್ಲಿ ತೂಕದ ತಕರಾರಿಲ್ಲ, ಸೂಟಿಲ್ಲ, ದಲಾಲಿಯಿಲ್ಲ. ಇಂತಹ ವ್ಯವಹಾರ ನನ್ನ ಲೆಕ್ಕದ ಪುಸ್ತಕದಲ್ಲಿ ಒಮ್ಮೆಯೂ ದಾಖಲಾಗಿಲ್ಲ. ನಾನೂ ನನ್ನ ಆಯುಷ್ಯದ ಹತ್ತೊಂಬತ್ತು ವರ್ಷಗಳನ್ನು ಒಬ್ಬರಿಗೆ ಕೊಟ್ಟಿದ್ದೆನೆಂಬುದು ದಿಟ, ಆದರೆ ತಿಂಗಳು ತಿಂಗಳೂ ರಸೀತಿಗೆ ಸಹಿ ಮಾಡಿಸಿಕೊಂಡು.

ಮುಂದಿನ ಭಾನುವಾರ ಯಾರಿಗೂ ಹೇಳದೆ ದೇವದುರ್ಗದ ಬಸ್ಸು ಹತ್ತಿದೆ. ಗಬ್ಬೂರಿನ ಹಳೆಯ ಗುಡಿಗಳು ಕಿಟಕಿಯಾಚೆ ಕಾಣುವವೇನೋ ಎಂದು ಕತ್ತು ಚಾಚಿದವನ ಮೇಲೆ ಪಕ್ಕದ ಅಜ್ಜಿಯ ಕೋಳಿ ತನ್ನ ಅಸಮ್ಮತಿಯನ್ನು ಸೂಚಿಸಿದ್ದರಿಂದ, ಉಳಿದ ದಾರಿಯನ್ನು ನೆಟ್ಟಗೆ ಕುಳಿತೇ ಕಳೆದೆ. ಮಿಲ್ಲು ಊರ ಹೊರಗೆ. ಮಾಲಕರು ಪರಸ್ಥಳಕ್ಕೆ ಹೋಗಿರುವರೆಂದು ವಿಚಾರಿಸಿಕೊಂಡೇ ಬಂದಿದ್ದೆ. ಒಳಗೆ ಜಿನ್ನುಗಳ ಸಾಲು ಗುಡುಗುತ್ತಿತ್ತು. ಒಂದು ಬದಿಯಿಂದ ಹೋದ ಹತ್ತಿ, ಮೂರರಲ್ಲೊಂದು ಪಾಲು ಅರಳೆಯಾಗಿ, ಮಿಕ್ಕದ್ದು ಬೀಜವಾಗಿ ಬೇರ್ಪಟ್ಟು ಬೀಳುತ್ತಿತ್ತು. ಆಚೆ ಪ್ರೆಸ್ಸಿನಲ್ಲಿ ಆ ಅರಳೆಯೇ 170 ಕಿಲೋದ ಬೇಲುಗಳಾಗಿ, ಇನ್ನು ಜನ್ಮದಲ್ಲಿ ಹಾರಾಡದಂತೆ ಬಿಗಿಸಿಕೊಳ್ಳುತ್ತಿತ್ತು. ಗಾಳಿಯಲ್ಲೆಲ್ಲ ತುಪ್ಪುಳು.

ಆಫೀಸಿನ ಕೋಣೆಯಲ್ಲಿ ಅರವತ್ತರ ಅಂಚಿನ ಒಬ್ಬರು ಕುಳಿತಿದ್ದರು. ಹುಬ್ಬುಗಳ ಮೇಲೆ, ಕಿವಿಯ ಕೂದಲಿನ ಮೇಲೆ ಬಿಳಿಯ ಎಳೆ ಕೂತು, ಮಂಜಿನಲ್ಲಿ ನಡೆದು ಬಂದವರಂತೆ ಕಾಣುತ್ತಿದ್ದರು. ಅವರು ಕುಳಿತದ್ದು ತಿರುಗುವ ಕುರ್ಚಿ. ಅದರ ಬೆನ್ನಿಗೆ ಅಂಗಡಿಯಿಂದ ಬಂದಾಗಿನ ಪ್ಲಾಸ್ಟಿಕ್ ಹೊದಿಕೆ ಇನ್ನೂ ಹಾಗೆಯೇ ಇತ್ತು.

“ಬರ್ರಿ, ಕೂಡ್ರಿ. ಹತ್ತಿ ತಂದೀರೇನು?”

“ಇಲ್ರಿ. ದರ ಕೇಳ್ಕೊಂಡ್ ಹೋಗೋಣಂತ ಬಂದೆ.”

ಅದು ಸುಳ್ಳಲ್ಲವೆಂದು ಈಗಲೂ ನನ್ನ ವಾದ. ಚಹ ತರಿಸಿದರು. ಲೋಟದೊಳಗೊಂದು ತುಪ್ಪುಳು ಬಿದ್ದಿತು. ಅವರು ನನ್ನ ಲೋಟದಿಂದಲೇ ಅದನ್ನು ಕಿರುಬೆರಳಿನಿಂದ ತೆಗೆದು, ಮಾತು ಮುಂದುವರಿಸಿದರು. ಹದಿನಾರು ವರ್ಷದಿಂದ ಇಲ್ಲಿದ್ದಾರಂತೆ.

“ಹೋದ ದೀಪಾವಳಿಗೆ ನಾನೂ ಬಿಡ್ತೀನಿ ಅಂದಿದ್ದೆ ನೋಡ್ರಿ. ಆದೋನಿಯೊಳಗ ಒಬ್ರು ಕರೆದಿದ್ರು. ನಮ್ಮ ಮಾಲಕ್ರು ಬಿಡ್ಲಿಲ್ಲ. ನಾಕು ಸಾವಿರ ಹೆಚ್ಚಿಗಿ ಮಾಡಿ, ಈ ಕುರ್ಚಿ ತರಿಸಿಕೊಟ್ರು.”

“ಚಲೋ ಆತಲ್ರಿ.”

“ಆತು. ಈಗ ರಾಯಚೂರ್‌ನಿಂದ ಯಾರೋ ಗುಮಾಸ್ತ್ರು ಬರ್ತಾರಂತ. ಅವ್ರಿಗೆ ಎಲ್ಲಾ ತೋರಿಸಿಕೊಡು ಅಂದಾರ. ಒಮ್ಮಿ ಕಾಲು ಹೊರಗಿಟ್ಟವ ಮತ್ತೊಮ್ಮಿ ಇಡಂಗಿಲ್ಲಂತ ಯಾರು ನಂಬ್ತಾರ್ರಿ? ಅವ್ರದೂ ತಪ್ಪಲ್ಲ.” ತುಸು ತಡೆದು ಕೇಳಿದರು, “ನೀವು ಗಂಜಿನ ಕಡೆಯವ್ರೇ ಅಂದ್ರಿ. ಆ ಗುಮಾಸ್ತ್ರು ನಿಮಗ ಗುರ್ತದಾರೇನು? ಮನುಷ್ಯ ಹ್ಯಾಂಗ?”

“ಅಷ್ಟೇನ್ ಗುರ್ತಿಲ್ರಿ” ಎಂದೆ.

ಅವರು ಬಸ್ಸಿನವರೆಗೆ ಬಿಟ್ಟುಬರಲು ಹುಡುಗನೊಬ್ಬನನ್ನು ಮೋಟರ್ ಸೈಕಲ್ಲಿನೊಡನೆ ಕಳುಹಿಸಿದರು. ಆ ರಾತ್ರಿಯೇ ಮಾಲಕರಿಗೆ ಫೋನು ಮಾಡಿ, ಅನಿವಾರ್ಯವಾದ ಕೌಟುಂಬಿಕ ಕಾರಣಗಳಿಂದ ಬರಲಾರೆನೆಂದೆ. ಮೂರು ರಾತ್ರಿ ಕಷ್ಟಪಟ್ಟ ಪದಪುಂಜ ವ್ಯರ್ಥವಾಗಲಿಲ್ಲ. ಅವರು ಮೂವತ್ತೆರಡು ಎಂದರು. ನಾನು ಸಾಲಂಕೃತವಾದ ಇನ್ನೊಂದು ವಾಕ್ಯವನ್ನು ಹೇಳುವಷ್ಟರಲ್ಲಿ ಮನೆಯಾಕೆ ಫೋನನ್ನು ಕೈಯಿಂದ ತೆಗೆದುಕೊಂಡಳು.

ಸೋಮವಾರ ಅಂಗಡಿಗೆ ಹೋದರೆ ತಿರುಗುವ ಕುರ್ಚಿ ಬಂದು ನಿಂತಿತ್ತು, ಬೆಕ್ಕು ಅದರ ಮೇಲೆ ಮಲಗಿತ್ತು. ಪಕ್ಕದ ಮಣೆಯ ಮೇಲೆ, ಟ್ಯಾಲಿ ಕಲಿತು ಬಂದ ಸಾವಕಾರರ ತಂಗಿಯ ಮಗ, ಇಪ್ಪತ್ತೆರಡರ ಹುಡುಗ, ನನ್ನ ಖಾತೆಯ ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ನೋಡುತ್ತಿದ್ದನು. “ಸುಮ್ಮ ಕಲೀಲಿ ಅಂತ ಕುಂದ್ರಿಸೀನ್ರಿ” ಎಂದರು ಸಾವಕಾರರು, ನಾನು ಕೇಳುವ ಮೊದಲೇ.

ನಾನು ಬೆಕ್ಕನ್ನು ಇಳಿಸಿ, ಕುರ್ಚಿಯ ಪ್ಲಾಸ್ಟಿಕ್ ಹೊದಿಕೆಯನ್ನು ಮೇಲಿನಿಂದ ಕೆಳಗಿನವರೆಗೆ ಸರ್ರನೆ ಹರಿದೆ. “ಅರೆ, ಧೂಳು ಹಿಡೀತದಲ್ರಿ!” ಎಂದು ಅವರು ಅನ್ನುತ್ತಿರುವಂತೆಯೇ, ಕಿರ್ದಿಯನ್ನು ಅವರ ಮುಂದಿಟ್ಟು ಹೇಳಿದೆ: “ಇರ್ತೀನ್ರಿ. ಬೋರ್ಡು ಬ್ಯಾಡ. ಆದ್ರ ಆ ಐದು ಸಾವಿರ ಇದ್ರಾಗ ನೀವೇ ಬರೀಬೇಕು.”

“ಬರಿಯೋದು ನಿಮ್ ಕೆಲ್ಸ ಅಲ್ಲೇನು?”

“ಇದೊಂದು ನಿಮ್ ಕೈಲೇ ಆಗ್ಲಿ.”

ಸಾವಕಾರರು ಪೆನ್ನನ್ನು ತೆಗೆದುಕೊಂಡರು. ಹತ್ತೊಂಬತ್ತು ವರ್ಷಗಳಲ್ಲಿ ಅವರು ಕಿರ್ದಿಯಲ್ಲಿ ಪಾಡ್ಯದ ಪೂಜೆಯ ಶ್ರೀಕಾರದ ಹೊರತು ಇನ್ನೊಂದನ್ನು ಬರೆದದ್ದನ್ನು ನಾನು ಕಂಡಿರಲಿಲ್ಲ. ತಾರೀಖು ಹಾಕಿದರು, ನನ್ನ ಹೆಸರು ಹಾಕಿದರು, ಅಂಕಿ ಹಾಕಿದರು. ಆಮೇಲೆ ಪೆನ್ನು ನಿಂತಿತು. ಕನ್ನಡಕವನ್ನು ಹಣೆಗೇರಿಸಿ ನನ್ನತ್ತ ನೋಡಿದರು.

“ಯಾವ ಖಾತೇಕ್ಕ ಹಾಕ್ಲಿ?”

ಟ್ಯಾಲಿಯ ಹುಡುಗನೂ ತಲೆಯೆತ್ತಿದನು.

“ಸದ್ಯಕ್ಕ ಅನಾಮತ್ತಿಗೆ ಹಾಕ್ರಿ” ಎಂದೆ.

ಏನೂ ಅನ್ನದೆ ಬರೆದರು. ತಕಾರದ ಒತ್ತನ್ನು ಬಿಟ್ಟಿದ್ದರು. ಅದನ್ನು ನಾನೇ ಹಾಕಿ, ಪುಸ್ತಕ ಮುಚ್ಚಿ, ಹೊರಗೆ ಬಂದು ನಿಂತಿದ್ದ ಹತ್ತಿಯ ಗಾಡಿಯನ್ನು ತೂಗಿಸಲು ಎದ್ದೆ.